ಹಳೆಯ ಕಂಪ್ಯೂಟರಿಗೆ ಎರಡನೆಯ ಪ್ರೊಸೆಸರ್: ಸಾಫ್ಟ್‌ಕಾರ್ಡ್, 8087, ಟ್ಯೂಬ್

ಹಳೆಯ_ಪೆಟ್ಟಿಗೆ

1980ರ ಸುಮಾರಿಗೆ ಕಂಪ್ಯೂಟರ್ ಕೊಂಡವರು ಅದರ ಪ್ರೊಸೆಸರನ್ನು ಬದಲಿಸುವಂತಿರಲಿಲ್ಲ. ಆದರೆ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಬಹುದಿತ್ತು. ಅಂಥ ಕಾರ್ಡುಗಳ ಬಗ್ಗೆ ಇಲ್ಲಿ ಮಾತನಾಡೋಣ ಎಂದು ಈ ಎಳೆ ಆರಂಭಿಸುತ್ತಿದ್ದೇನೆ. ಯಾವುದು ಎಷ್ಟು ಮೆಗಾಹರ್ಟ್ಸ್ ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನನಗೆ ಕುತೂಹಲವಿರುವುದು ಪಾಲುಪಟ್ಟಿಯಲ್ಲಿ: ಒಂದೇ ಯಂತ್ರದಲ್ಲಿ ಎರಡು ಪ್ರೊಸೆಸರ್‌ಗಳಿದ್ದರೆ ಮೆಮೊರಿ ಯಾರದು, ಕೀಲಿಮಣೆ, ಡಿಸ್ಕ್, ಪರದೆ ಯಾರ ವಶ?

ನನ್ನ ಮೆಚ್ಚಿನದು ಆಪಲ್ 2ಕ್ಕಾಗಿ ಬಂದ ಝಡ್80 ಸಾಫ್ಟ್‌ಕಾರ್ಡ್. ಮೈಕ್ರೋಸಾಫ್ಟ್ ಮಾರಿದ ಮೊದಲ ಹಾರ್ಡ್‌ವೇರ್ ಅದು. ಕಂಪನಿಯ ಹೆಚ್ಚಿನ ಭಾಷಾ ತಂತ್ರಾಂಶಗಳು 8080 ಮತ್ತು ಝಡ್80 ಪ್ರೊಸೆಸರ್‌ಗಳಿಗಾಗಿ ಬರೆದವು, ಆಪಲ್‌ನಲ್ಲಿದ್ದದ್ದು 6502 ಎಂಬ ಬೇರೆ ಪ್ರೊಸೆಸರ್. ಎಲ್ಲವನ್ನೂ ಹೊಸದಾಗಿ ಬರೆಯುವ ಬದಲು ಆಪಲ್‌ಗೇ ಒಂದು ಝಡ್80 ಕೊಟ್ಟುಬಿಡೋಣ ಎಂದವರು ಪಾಲ್ ಅಲೆನ್. ಮೊದಲ ಮಾದರಿಯನ್ನು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ ಟಿಮ್ ಪ್ಯಾಟರ್ಸನ್ ಕಟ್ಟಿದರು, ಅದನ್ನು ಮಾರುಕಟ್ಟೆಗೆ ಯೋಗ್ಯವಾಗಿ ಮುಗಿಸಿದವರು ಡಾನ್ ಬರ್ಟಿಸ್. 1980ರಲ್ಲಿ 349 ಡಾಲರ್ ಬೆಲೆಗೆ, ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆ ಮತ್ತು ಬೇಸಿಕ್ ಭಾಷೆ ಸಮೇತ ಮಾರಾಟಕ್ಕೆ ಬಂತು. ಅದೇ ವರ್ಷ ಪ್ಯಾಟರ್ಸನ್ 86-ಡಾಸ್ ಎಂಬ ಕಾರ್ಯವ್ಯವಸ್ಥೆ ಬರೆದರು ಎಂಬುದನ್ನೂ ನೆನಪಿಡಿ. ಮುಂದೆ ಎಂಎಸ್-ಡಾಸ್ ಆದದ್ದು ಅದೇ.

ಜಾಣತನ ಇರುವುದು ಮೆಮೊರಿಯ ವಿಷಯದಲ್ಲಿ. ಕಾರ್ಡಿನಲ್ಲಿ ಸ್ವಂತ ಮೆಮೊರಿ ಇಲ್ಲ, ಆಪಲ್‌ನದನ್ನೇ ಬಳಸಬೇಕು. 6502ಕ್ಕೆ ಮೆಮೊರಿಯ ತಳಭಾಗ ಬಿಟ್ಟುಕೊಡುವಂತೆಯೇ ಇಲ್ಲ: ಮೊದಲ 256 ಬೈಟ್ ಅದರ ಝೀರೋ ಪೇಜ್, ಮುಂದಿನ 256 ಬೈಟ್ ಅದರ ಸ್ಟ್ಯಾಕ್, ಸ್ವಲ್ಪ ಮೇಲೆ ಪರದೆಯ ಅಕ್ಷರಗಳು. ಸಿಪಿ/ಎಂಗೂ ಅದೇ ತಳ ಬೇಕು: ಸೊನ್ನೆಯಲ್ಲಿ ಮರುಚಾಲನೆಯ ಜಿಗಿತ, 5ರಲ್ಲಿ ವ್ಯವಸ್ಥೆಯ ಬಾಗಿಲು, 100 ಹೆಕ್ಸ್‌ನಿಂದ (ಹೆಕ್ಸ್ ಎಂದರೆ ಹದಿನಾರರ ಎಣಿಕೆ) ಪ್ರೋಗ್ರಾಂ. ಸಾಫ್ಟ್‌ಕಾರ್ಡ್ ಏನು ಮಾಡಿತೆಂದರೆ, ಝಡ್80 ಕೊಡುವ ವಿಳಾಸವನ್ನು ದಾರಿಯಲ್ಲೇ ಬದಲಿಸಿತು. ಝಡ್80 ಸೊನ್ನೆ ಎಂದರೆ ಆಪಲ್‌ಗೆ ಅದು 1000 ಹೆಕ್ಸ್. ಆಪಲ್‌ನ ತಳದ 4 ಕಿಲೋಬೈಟ್ ಝಡ್80ಯ ಕಣ್ಣಿಗೆ ಮೆಮೊರಿಯ ನೆತ್ತಿಯ ಮೇಲೆ ಕಾಣುತ್ತದೆ. ಇಬ್ಬರಿಗೂ ತಮ್ಮ ತಮ್ಮ ತಳ ಸಿಕ್ಕಿತು, ಒಬ್ಬರು ಇನ್ನೊಬ್ಬರದನ್ನು ತುಳಿಯಲಿಲ್ಲ.

ಇದಕ್ಕಿಂತ ಅಚ್ಚುಕಟ್ಟಾದ ಹಂಚಿಕೆ ನಿಮಗೆ ಗೊತ್ತಿದ್ದರೆ ಬರೆಯಿರಿ.

---

ಕೋಡ್6502

ವಿಳಾಸ ಬದಲಿಸುವ ಉಪಾಯ ಸೊಗಸಾದದ್ದೇ. ಆದರೆ ಸಾಫ್ಟ್‌ಕಾರ್ಡ್‌ನಲ್ಲಿ ಎರಡು ಪ್ರೊಸೆಸರ್‌ಗಳೂ ಒಟ್ಟಿಗೆ ದುಡಿಯುವುದಿಲ್ಲ ಎಂಬುದನ್ನು ಸೇರಿಸಬೇಕು. ಒಂದು ನಡೆಯುವಾಗ ಇನ್ನೊಂದು ನಿಂತಿರುತ್ತದೆ. ಕಾರ್ಡ್ ಇರುವ ಸ್ಲಾಟಿನ ವಿಳಾಸಕ್ಕೆ ಏನನ್ನಾದರೂ ಬರೆದರೆ ಅಧಿಕಾರ ಕೈ ಬದಲಾಗುತ್ತದೆ.

ಹಾಗಾದರೆ 6502ಕ್ಕೆ ಏನು ಕೆಲಸ ಉಳಿಯಿತು? ಮುಖ್ಯವಾಗಿ ಡಿಸ್ಕ್. ಇದಕ್ಕೆ ಕಾರಣ ಆಪಲ್ 2 ರೂಪಿಸಿದ ವೋಝ್ನಿಯಾಕ್ ಅವರ ಡಿಸ್ಕ್ ವಿನ್ಯಾಸ. ಆ ಕಾರ್ಡಿನಲ್ಲಿ ಚಿಪ್‌ಗಳು ಬಹಳ ಕಡಿಮೆ; ಉಳಿದ ಶ್ರಮವೆಲ್ಲ ತಂತ್ರಾಂಶದ್ದು. ಡಿಸ್ಕಿಗೆ ಬರೆಯುವಾಗ 32 ಮೈಕ್ರೊಸೆಕೆಂಡಿಗೆ ಒಂದು ಬೈಟ್ ಹೋಗಲೇಬೇಕು. ಆ ಲೂಪ್‌ನಲ್ಲಿ 6502ರ ಸೈಕಲ್‌ಗಳನ್ನು ಒಂದೊಂದಾಗಿ ಎಣಿಸಿ ಇಟ್ಟಿದ್ದಾರೆ. ಬೇರೆ ವೇಗದಲ್ಲಿ ಓಡುವ ಝಡ್80ಗೆ ಅದನ್ನು ಹಾಗೆಯೇ ವಹಿಸಲು ಬರುವುದಿಲ್ಲ. ಆದ್ದರಿಂದ ಸಿಪಿ/ಎಂ ಡಿಸ್ಕ್ ಕೇಳಿದಾಗಲೆಲ್ಲ ಝಡ್80 ನಿಂತು, 6502 ಎದ್ದು, ಓದಿ ಅಥವಾ ಬರೆದು, ಮತ್ತೆ ಅಧಿಕಾರ ಹಿಂತಿರುಗಿಸುತ್ತಿತ್ತು.

ಇನ್ನೊಂದು ತೊಡಕಿತ್ತು. ಅಂದಿನ 6502ವನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಗಡಿಯಾರದ ಬಡಿತ ಹೆಚ್ಚು ಹೊತ್ತು ತಪ್ಪಿದರೆ ಅದರ ರಿಜಿಸ್ಟರ್‌ಗಳಲ್ಲಿ, ಅಂದರೆ ಒಳಗಿನ ಪುಟ್ಟ ಸಂಗ್ರಹಗಳಲ್ಲಿ, ಇದ್ದದ್ದು ಅಳಿಸಿಹೋಗುತ್ತದೆ. ಆಗಾಗ ಬಡಿತ ಕೊಟ್ಟು ಅದನ್ನು ಉಳಿಸಿಕೊಳ್ಳುವ ಏರ್ಪಾಡು ಸಾಫ್ಟ್‌ಕಾರ್ಡ್‌ನಲ್ಲಿದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಹಂಚಿಕೆ ಅದೇ ಆಪಲ್‌ಗೆ ನಂತರ ಬಂದ ಪಿಸಿಪಿಐ ಕಂಪನಿಯ ಆಪ್ಲಿಕಾರ್ಡ್. ಅದರಲ್ಲಿ ಝಡ್80 ಜೊತೆಗೆ 64 ಕಿಲೋಬೈಟ್ ಸ್ವಂತ ಮೆಮೊರಿ ಇತ್ತು. ಸ್ವಂತ ಮನೆ ಇದ್ದಮೇಲೆ ಜಗಳವೇ ಇಲ್ಲ. 6502 ಕೀಲಿಮಣೆ, ಪರದೆ, ಡಿಸ್ಕ್ ನೋಡಿಕೊಳ್ಳುತ್ತದೆ. ಝಡ್80 ತನ್ನ ಪಾಡಿಗೆ 4 ಅಥವಾ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಸಾಫ್ಟ್‌ಕಾರ್ಡ್ ಆಪಲ್‌ನ ಬಸ್ಸಿಗೆ, ಅಂದರೆ ಚಿಪ್‌ಗಳನ್ನು ಜೋಡಿಸುವ ತಂತಿಗಳ ಸಾಲಿಗೆ, ಅಂಟಿಕೊಂಡಿದ್ದರಿಂದ ಸುಮಾರು 2 ಮೆಗಾಹರ್ಟ್ಸ್‌ಗೇ ನಿಲ್ಲಬೇಕಾಯಿತು.

---

ಕಾಂಕ್ರೀಟ್_ಮೇಷ್ಟ್ರು

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಟ್ಟಡ ವಿನ್ಯಾಸ ಕಲಿಸಿ ನಿವೃತ್ತನಾದವನು. ನಮ್ಮ ಕ್ಷೇತ್ರದವರಿಗೆ ಕೊಪ್ರೊಸೆಸರ್, ಅಂದರೆ ಜೊತೆಗಾರ ಪ್ರೊಸೆಸರ್, ಎಂದರೆ ಇಂಟೆಲ್‌ನ ಲೆಕ್ಕದ ಚಿಪ್ 8087, ಅದರಾಚೆ ಯೋಚಿಸುತ್ತಲೇ ಇರಲಿಲ್ಲ. ಬಹುಮಹಡಿ ಕಟ್ಟಡದ ಚೌಕಟ್ಟನ್ನು ವಿಶ್ಲೇಷಿಸಬೇಕೆಂದರೆ ನೂರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಪ್ರತಿ ಹೆಜ್ಜೆಯೂ ದಶಮಾಂಶ ಸಂಖ್ಯೆಗಳ ಗುಣಾಕಾರ, ಭಾಗಾಕಾರ. ಐಬಿಎಂ ಪಿಸಿಯ 8088 ಪ್ರೊಸೆಸರಿಗೆ ಪೂರ್ಣಾಂಕಗಳ ಲೆಕ್ಕ ಮಾತ್ರ ಬರುತ್ತದೆ. ದಶಮಾಂಶದ ಒಂದು ಗುಣಾಕಾರಕ್ಕೆ ಅದು ಉದ್ದನೆಯ ಉಪಪ್ರೋಗ್ರಾಂ ಓಡಿಸಬೇಕು.

ಇಂಟೆಲ್ ತನ್ನ ಕೈಪಿಡಿಯಲ್ಲಿ ಕೊಟ್ಟ ಹೋಲಿಕೆ ನನಗೆ ಇಂದಿಗೂ ಬಾಯಿಪಾಠ. 5 ಮೆಗಾಹರ್ಟ್ಸ್‌ನಲ್ಲಿ ಒಂದು ವರ್ಗಮೂಲ ತೆಗೆಯಲು 8087ಗೆ 36 ಮೈಕ್ರೊಸೆಕೆಂಡ್. ಅದೇ ಕೆಲಸವನ್ನು 8088ರ ಸೋದರ ಪ್ರೊಸೆಸರ್ 8086 ತಂತ್ರಾಂಶದಿಂದ ಮಾಡಿದರೆ 19,600 ಮೈಕ್ರೊಸೆಕೆಂಡ್. ನಿಜವಾದ ಪ್ರೋಗ್ರಾಂನಲ್ಲಿ ಲೂಪ್, ಅರೇ ವಿಳಾಸದ ಲೆಕ್ಕ, ಡಿಸ್ಕ್ ಎಲ್ಲ ಸೇರಿ ಲಾಭ ಇದಕ್ಕಿಂತ ಬಹಳ ಕಡಿಮೆ. ಆದರೂ ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಬಂದು ನೋಡುತ್ತಿದ್ದ ಲೆಕ್ಕ ಕಾಫಿಗೆ ಹೋಗಿ ಬರುವಷ್ಟರಲ್ಲಿ ಮುಗಿಯತೊಡಗಿತು. ವಿದ್ಯಾರ್ಥಿ ಕಂಬದ ಅಳತೆ ಬದಲಿಸಿ "ಸರ್, ಇನ್ನೊಮ್ಮೆ ನೋಡೋಣವೇ?" ಎಂದು ಕೇಳುವಂತಾಯಿತು. ವಿನ್ಯಾಸ ಕಲಿಸುವವನಿಗೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಹಳೆಯ_ಪೆಟ್ಟಿಗೆ ಅವರು ಕೇಳಿದ ಪಾಲುಪಟ್ಟಿಯ ಪ್ರಶ್ನೆಗೆ 8087 ಕೊಟ್ಟ ಉತ್ತರವೇ ಬೇರೆ. ಇಲ್ಲಿ ಅಧಿಕಾರದ ಹಸ್ತಾಂತರವಿಲ್ಲ. ಎರಡು ಚಿಪ್‌ಗಳೂ ಒಂದೇ ತಂತಿಗಳ ಮೇಲೆ ಕುಳಿತು ಒಂದೇ ಆದೇಶಗಳ ಸಾಲನ್ನು ಜೊತೆಜೊತೆಯಾಗಿ ಓದುತ್ತವೆ. 11011 ಎಂಬ ಐದು ಬಿಟ್‌ಗಳಿಂದ ಆರಂಭವಾಗುವ ಆದೇಶ ಬಂದರೆ ಅದು 8087ಗೆ ಸೇರಿದ್ದು. ಆಗ ಮೆಮೊರಿಯ ವಿಳಾಸವನ್ನು ಲೆಕ್ಕ ಹಾಕುವುದು 8088. ಅದು ಆ ವಿಳಾಸವನ್ನು ಒಮ್ಮೆ ಓದಿದಂತೆ ಮಾಡಿ ಮುಂದೆ ಹೋಗುತ್ತದೆ. ತಂತಿಯ ಮೇಲೆ ಹಾದುಹೋದ ವಿಳಾಸವನ್ನೂ ದತ್ತಾಂಶವನ್ನೂ 8087 ಹಿಡಿದುಕೊಳ್ಳುತ್ತದೆ. ಇನ್ನಷ್ಟು ಬೈಟ್‌ಗಳು ಬೇಕಾದರೆ ಬಸ್ಸನ್ನು ಕೇಳಿ ಪಡೆದು ತಾನೇ ತರಿಸಿಕೊಳ್ಳುತ್ತದೆ. ಅದು ಲೆಕ್ಕದಲ್ಲಿ ಮುಳುಗಿರುವಾಗ 8088 ಮುಂದಿನ ಕೆಲಸ ಮಾಡಬಹುದು. ಫಲಿತಾಂಶ ಬೇಕಾದಾಗ ಮಾತ್ರ ವೇಟ್ ಆದೇಶ ಕೊಟ್ಟು ಕಾದರೆ ಸಾಕು. 1981ರ ಐಬಿಎಂ ಪಿಸಿಯ ಬೋರ್ಡಿನಲ್ಲಿ 8088 ಪಕ್ಕದಲ್ಲೇ ಇದಕ್ಕಾಗಿ 40 ಪಿನ್‌ಗಳ ಸಾಕೆಟ್ ಖಾಲಿ ಬಿಟ್ಟಿದ್ದರು.

---

ಚಿಗುರು

ಮೇಷ್ಟ್ರೇ, ನನ್ನಲ್ಲಿ 8 ಮೆಗಾಹರ್ಟ್ಸ್‌ನ, ಐಬಿಎಂ ಪಿಸಿ ಮಾದರಿಯ ಟರ್ಬೊ ಎಕ್ಸ್‌ಟಿ ಬೋರ್ಡ್ ಒಂದಿದೆ. ನೀವು ಹೇಳಿದ ಸಾಕೆಟ್ ಖಾಲಿಯೇ ಇದೆ. ಒಂದು ಸಂಶಯ: ಆ ಕಾಲದಲ್ಲಿ ಹೆಚ್ಚಿನವರ ಯಂತ್ರದಲ್ಲಿ 8087 ಇರಲಿಲ್ಲ ಅಲ್ಲವೇ? ಹಾಗಿದ್ದರೆ ತಂತ್ರಾಂಶ ಮಾರುವವರು ಎರಡು ಬೇರೆ ಬೇರೆ ಪ್ರತಿಗಳನ್ನು ಮಾರುತ್ತಿದ್ದರೇ?

---

ತುಂಗಾತೀರ

ಒಂದೇ ಪ್ರತಿ ಸಾಕಾಗುತ್ತಿತ್ತು. ಅದನ್ನು ಸಾಧ್ಯವಾಗಿಸಿದ ತಂತ್ರ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು.

8087ಯ ಆದೇಶ ಸಾಮಾನ್ಯವಾಗಿ ಎರಡು ಭಾಗ: ಮೊದಲು ಒಂದು ಬೈಟ್‌ನ ವೇಟ್, ಆಮೇಲೆ ಆ 11011ರಿಂದ ಶುರುವಾಗುವ ಬೈಟ್. ಪ್ರೋಗ್ರಾಂ ಅನ್ನು ಯಂತ್ರದ ಆದೇಶಗಳಿಗೆ ತಿರುಗಿಸುವ ಕಂಪೈಲರ್ ಈ ಎರಡು ಬೈಟ್‌ಗಳ ಜಾಗದಲ್ಲಿ ಅಷ್ಟೇ ಉದ್ದದ ಒಂದು ಇಂಟರಪ್ಟ್ ಆದೇಶ (ಓಟ ತಡೆದು ಬೇರೆ ಉಪಪ್ರೋಗ್ರಾಂಗೆ ಕಳಿಸುವ ಆದೇಶ) ಇಡುತ್ತಿತ್ತು. ಹೆಕ್ಸ್‌ನಲ್ಲಿ 34ರಿಂದ ಮೇಲಿನ ಕೆಲವು ಇಂಟರಪ್ಟ್‌ಗಳು ಇದಕ್ಕೇ ಮೀಸಲು. ಪ್ರೋಗ್ರಾಂ ಆರಂಭವಾಗುವಾಗ ಚಿಪ್ ಇದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಆ ಇಂಟರಪ್ಟ್ ಪ್ರತಿಸಲವೂ ತಂತ್ರಾಂಶದ ಲೆಕ್ಕಕ್ಕೆ ಕರೆದೊಯ್ಯುತ್ತದೆ. ಇದ್ದರೆ, ಮೊದಲ ಸಲ ಅಲ್ಲಿಗೆ ಬಂದಾಗ ಆ ಎರಡು ಬೈಟ್‌ಗಳನ್ನು ಅಳಿಸಿ ನಿಜವಾದ ವೇಟ್ ಮತ್ತು 8087 ಆದೇಶವನ್ನು ಅಲ್ಲಿಯೇ ಬರೆದು, ಅದೇ ಜಾಗದಿಂದ ಮತ್ತೆ ಓಡುತ್ತದೆ. ಎರಡನೆಯ ಸಲ ಆ ಸಾಲಿಗೆ ಬಂದರೆ ನೇರವಾಗಿ ಚಿಪ್‌ಗೆ ಹೋಗುತ್ತದೆ. ಪ್ರೋಗ್ರಾಂ ಓಡುತ್ತಾ ಓಡುತ್ತಾ ತನ್ನನ್ನೇ ತಿದ್ದಿಕೊಳ್ಳುತ್ತದೆ.

ಎಲ್ಲ ತಂತ್ರಾಂಶಗಳೂ ಇಷ್ಟು ಉದಾರವಾಗಿರಲಿಲ್ಲ. ಲೆಕ್ಕದ ಹಾಳೆಯ ತಂತ್ರಾಂಶ ಲೋಟಸ್ 1-2-3ರ ಮೊದಲ ಆವೃತ್ತಿ ಚಿಪ್ ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ; 1985ರ ಎರಡನೆಯ ಆವೃತ್ತಿಯಿಂದ ಬಳಸತೊಡಗಿತು. ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ 1987ರ ಒಂಬತ್ತನೆಯ ಆವೃತ್ತಿಯಲ್ಲಿ ಕೊಪ್ರೊಸೆಸರ್ ಇಲ್ಲದೆ ನಡೆಯುವುದೇ ಇಲ್ಲ ಎಂದುಬಿಟ್ಟಿತು.

ಮೇಷ್ಟ್ರು ವೇಗದ ಬಗ್ಗೆ ಬರೆದರು. ನಾನು ನಿಖರತೆಯ ಬಗ್ಗೆ ಬರೆಯಲೇಬೇಕು. 8087 ಒಳಗೆ 80 ಬಿಟ್‌ಗಳ ಎಂಟು ರಿಜಿಸ್ಟರ್‌ಗಳಿವೆ. ನೀವು 64 ಬಿಟ್ ಸಂಖ್ಯೆ ಕೊಟ್ಟರೂ ನಡುವಿನ ಲೆಕ್ಕ 80 ಬಿಟ್‌ಗಳಲ್ಲಿ ನಡೆಯುತ್ತದೆ. ಇದರ ಹಿಂದೆ ಇದ್ದವರು ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಕಹಾನ್. ಇಂಟೆಲ್‌ನಲ್ಲಿ ಯೋಜನೆಯ ಮುಂದಾಳು ಜಾನ್ ಪಾಮರ್. ಚಿಪ್ ರೂಪುಗೊಂಡದ್ದು ಇಸ್ರೇಲಿನ ಹೈಫಾದಲ್ಲಿ. ಆಗ ಒಂದೊಂದು ಕಂಪನಿಯ ಕಂಪ್ಯೂಟರ್ ಒಂದೊಂದು ರೀತಿಯಲ್ಲಿ ದಶಮಾಂಶವನ್ನು ದುಂಡಾಗಿಸುತ್ತಿತ್ತು, ಒಂದರಲ್ಲಿ ಸರಿಬಂದ ಲೆಕ್ಕ ಇನ್ನೊಂದರಲ್ಲಿ ಕೆಡುತ್ತಿತ್ತು. 8087ಗಾಗಿ ಮಾಡಿದ ಚಿಂತನೆಯೇ 1985ರ ಐಇಇಇ 754 ಮಾನಕಕ್ಕೆ ಬುನಾದಿಯಾಯಿತು. ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. ಇಂದು ನಿಮ್ಮ ಮೊಬೈಲ್ ಮಾಡುವ ದಶಮಾಂಶದ ಲೆಕ್ಕವೂ ಅದೇ ಮಾನಕದ್ದು.

ಚಿಪ್‌ನೊಳಗಿನ ಒಂದು ವಿಷಯವನ್ನೂ ಹೇಳುತ್ತೇನೆ. ಅದರ ಮೈಕ್ರೊಕೋಡ್ (ಆದೇಶಗಳನ್ನು ನಡೆಸುವ ಒಳಗಿನ ಪ್ರೋಗ್ರಾಂ) ಆಗಿನ ರೋಮ್‌ಗಳ, ಅಂದರೆ ಓದಲು ಮಾತ್ರ ಬರುವ ಮೆಮೊರಿಗಳ, ರೀತಿಯಲ್ಲಿ ಬರೆದರೆ ಹಿಡಿಸುವಂತಿರಲಿಲ್ಲ. ಅದಕ್ಕಾಗಿ ನಾಲ್ಕು ಬೇರೆ ಬೇರೆ ಅಳತೆಯ ಟ್ರಾನ್ಸಿಸ್ಟರ್‌ಗಳನ್ನು ಬಳಸಿ, ಒಂದೊಂದರಲ್ಲೂ ಎರಡೆರಡು ಬಿಟ್ ಅಡಗಿಸಿದರು.

---

ಶಾಲೆಯ_ಗಣಕ

ಆಪ್ಲಿಕಾರ್ಡ್‌ನ ಮಾತು ಬಂದಮೇಲೆ ಬಿಬಿಸಿ ಮೈಕ್ರೊ ಬಿಟ್ಟರೆ ಅನ್ಯಾಯ. 1984–85ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರ್ ಅದು. ನಾನು ಬೇಸಿಕ್ ಕಲಿತದ್ದು ಅದರಲ್ಲೇ. ಯಂತ್ರದ ತಳಭಾಗದಲ್ಲಿ ಟ್ಯೂಬ್ ಎಂದು ಬರೆದ 40 ಪಿನ್‌ಗಳ ಕನೆಕ್ಟರ್ ಇತ್ತು. ನಮ್ಮ ಶಾಲೆಯಲ್ಲಿ ಅದಕ್ಕೆ ಯಾರೂ ಏನನ್ನೂ ಜೋಡಿಸಿದ್ದಿಲ್ಲ. ಅದೇನೆಂದು ತಿಳಿದದ್ದು ದೊಡ್ಡವನಾದ ಮೇಲೆ.

ಇದನ್ನು ತಯಾರಿಸಿದ ಆಕಾರ್ನ್ ಕಂಪನಿ ಯಂತ್ರ ರೂಪಿಸುವಾಗಲೇ ಎರಡನೆಯ ಪ್ರೊಸೆಸರಿಗೆ ಸ್ಥಾನ ಕೊಟ್ಟಿತ್ತು. ಇಲ್ಲಿ ಮೆಮೊರಿಯನ್ನು ಹಂಚಿಕೊಳ್ಳುವುದೇ ಇಲ್ಲ. ಎರಡನೆಯ ಪ್ರೊಸೆಸರ್ ಬೇರೆ ಪೆಟ್ಟಿಗೆಯಲ್ಲಿ, ಸ್ವಂತ ಮೆಮೊರಿ ಮತ್ತು ಸ್ವಂತ ವಿದ್ಯುತ್ ಪೂರೈಕೆಯೊಂದಿಗೆ ಇರುತ್ತದೆ. ನಡುವೆ ಟ್ಯೂಬ್ ಚಿಪ್: ಎರಡೂ ಕಡೆಗೆ ಕೆಲವು ರಿಜಿಸ್ಟರ್‌ಗಳು, ಒಂದು ಕಡೆ ಹಾಕಿದ ಬೈಟ್ ಇನ್ನೊಂದು ಕಡೆ ಸರದಿಯಲ್ಲಿ ಹೊರಬರುತ್ತದೆ. ಬಿಬಿಸಿ ಮೈಕ್ರೊದ 6502 ಕೀಲಿಮಣೆ, ಪರದೆ, ಡಿಸ್ಕ್ ನೋಡಿಕೊಳ್ಳುತ್ತದೆ. ಪ್ರೋಗ್ರಾಂ ಓಡುವುದು ಆಚೆಯ ಪೆಟ್ಟಿಗೆಯಲ್ಲಿ. ಎರಡೂ ನಿಜವಾಗಿ ಒಟ್ಟಿಗೆ ದುಡಿಯುತ್ತವೆ. ಬಿಬಿಸಿಯ 32 ಕಿಲೋಬೈಟ್‌ನಲ್ಲಿ ಪರದೆಯೇ 20 ಕಿಲೋಬೈಟ್ ನುಂಗುತ್ತಿತ್ತು. 3 ಮೆಗಾಹರ್ಟ್ಸ್‌ನ 6502 ಪೆಟ್ಟಿಗೆ ಜೋಡಿಸಿದರೆ ಪ್ರೋಗ್ರಾಂಗೆ ಬೇರೆಯೇ 64 ಕಿಲೋಬೈಟ್‌ನ ಅಂಗಳ.

ಆಚೆಗಿರುವ ಪ್ರೊಸೆಸರ್ ಯಾವುದೆಂದು ಟ್ಯೂಬಿಗೆ ಗೊತ್ತಿರಬೇಕಾಗಿಲ್ಲ. ಝಡ್80 ಹಾಕಿ ಸಿಪಿ/ಎಂ ಓಡಿಸಬಹುದು, 32016 ಎಂಬ ಪ್ರೊಸೆಸರ್ ಹಾಕಬಹುದು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಮೊದಲ ಆರ್ಮ್ ಚಿಪ್ 1985ರ ಏಪ್ರಿಲ್ 26ರಂದು ಜೀವ ತಳೆದದ್ದು ಹೀಗೆಯೇ, ಬಿಬಿಸಿ ಮೈಕ್ರೊದ ಎರಡನೆಯ ಪ್ರೊಸೆಸರಾಗಿ. ಹೊಸ ಚಿಪ್‌ಗೆ ಕೀಲಿಮಣೆ, ಪರದೆ, ಡಿಸ್ಕ್ ಯಾವುದನ್ನೂ ಕಟ್ಟಿಕೊಡಬೇಕಾಗಲಿಲ್ಲ, ಎಲ್ಲವೂ ಈಚೆ ಸಿದ್ಧವಾಗಿತ್ತು. ಹಳೆಯ_ಪೆಟ್ಟಿಗೆ ಅವರೇ, ಅಚ್ಚುಕಟ್ಟಾದ ಹಂಚಿಕೆಗೆ ನನ್ನ ಉತ್ತರ ಇದು.

---

ಹಳೆಯ_ಪೆಟ್ಟಿಗೆ

ಟ್ಯೂಬ್ ಸುಂದರವಾದ ವಿನ್ಯಾಸ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೇಡುವ ಶಿಸ್ತು ದೊಡ್ಡದು. ಪ್ರೋಗ್ರಾಂ ಪರದೆಯ ಮೆಮೊರಿಗೆ ನೇರವಾಗಿ ಕೈ ಹಾಕುವಂತಿಲ್ಲ. ಆ ಮೆಮೊರಿ ಆಚೆ ದಡದಲ್ಲಿದೆ! ಒಂದು ಅಕ್ಷರ ಮೂಡಿಸಬೇಕಾದರೂ ಕಾರ್ಯವ್ಯವಸ್ಥೆಯನ್ನು ಕೇಳಿಯೇ ಮಾಡಬೇಕು. ಆಕಾರ್ನ್ ಮೊದಲಿನಿಂದಲೂ ಹಾಗೆಯೇ ಬರೆಯಿರಿ ಎಂದು ಹೇಳುತ್ತ ಬಂದಿತ್ತು, ಹಾಗೆ ಬರೆದ ಪ್ರೋಗ್ರಾಂಗಳು ಟ್ಯೂಬಿನ ಮೇಲೂ ಓಡಿದವು. ವೇಗಕ್ಕಾಗಿ ನೇರ ದಾರಿ ಹಿಡಿದ ಆಟಗಳು ಓಡಲಿಲ್ಲ. ಸಾಫ್ಟ್‌ಕಾರ್ಡ್‌ನಲ್ಲಿ ಝಡ್80 ಬಯಸಿದರೆ ಆಪಲ್‌ನ ಪರದೆಯನ್ನು ತಾನೇ ಮುಟ್ಟಬಹುದು. ಹಂಚಿಕೊಂಡ ಮೆಮೊರಿಯ ಸುಖ ಅದು.

ಇದನ್ನು ಬರೆಯುವಾಗ ಒಂದು ಸ್ಪಷ್ಟವಾಯಿತು. ಮೂರು ಕಡೆಯೂ ಹೊಸ ಪ್ರೊಸೆಸರ್ ಬಂದಾಗ ಹಳೆಯದನ್ನು ಯಾರೂ ಹೊರಗೆ ಹಾಕಲಿಲ್ಲ. ಆಪಲ್‌ನಲ್ಲಿ ಡಿಸ್ಕಿನ ಬಡಿತ ಗೊತ್ತಿದ್ದದ್ದು 6502ಗೆ ಮಾತ್ರ. ಪಿಸಿಯಲ್ಲಿ ವಿಳಾಸ ಹುಡುಕಿಕೊಡುತ್ತಿದ್ದದ್ದು 8088. ಬಿಬಿಸಿಯಲ್ಲಂತೂ ಹಳೆಯದೇ ಇಡೀ ಮನೆವಾರ್ತೆ ನಡೆಸಿತು.

---

ಕಾಂಕ್ರೀಟ್_ಮೇಷ್ಟ್ರು

ನಮ್ಮ ಬೆಂಗಳೂರಿನ ಒಂದು ಕೆಲಸವನ್ನು ಇಲ್ಲಿ ದಾಖಲಿಸಲೇಬೇಕು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ವಿಮಾನದ ಸುತ್ತ ಗಾಳಿಯ ಹರಿವಿನ ಲೆಕ್ಕಕ್ಕೆ ದೊಡ್ಡ ಯಂತ್ರಗಳು ಬೇಕಿದ್ದವು, ಹೊರದೇಶದಿಂದ ಅವು ಸುಲಭವಾಗಿ ಸಿಗುತ್ತಿರಲಿಲ್ಲ. ಯು. ಎನ್. ಸಿನ್ಹಾ ಅವರ ಮುಂದಾಳತ್ವದ ತಂಡ ಆರಿಸಿಕೊಂಡದ್ದು ನಾವು ಮಾತನಾಡುತ್ತಿರುವ ಜೋಡಿಯನ್ನೇ. ಮೊದಲ ಫ್ಲೋಸಾಲ್ವರ್‌ನಲ್ಲಿ ನಾಲ್ಕು 8086 ಪ್ರೊಸೆಸರ್‌ಗಳು, ಅವುಗಳೊಂದಿಗೆ 8087ಗಳು. ಹರಿವಿನ ಕ್ಷೇತ್ರವನ್ನು ಭಾಗ ಮಾಡಿ ಒಂದೊಂದು ಜೋಡಿಗೆ ಒಂದೊಂದು ಭಾಗ ವಹಿಸುವುದು ಇಂಥ ಯಂತ್ರದ ರೀತಿ. ಮೇಜಿನ ಮೇಲಿನ ಕಂಪ್ಯೂಟರಿನ ಚಿಪ್‌ಗಳಿಂದಲೇ ವಿಜ್ಞಾನದ ದೊಡ್ಡ ಲೆಕ್ಕ ಮಾಡಬಹುದೆಂದು ನಮ್ಮವರು ಇಲ್ಲಿ ಮಾಡಿ ತೋರಿಸಿದರು. ಇದರ ಬಗ್ಗೆ ಕನ್ನಡದಲ್ಲಿ ಇನ್ನೂ ಹೆಚ್ಚು ಬರಹಗಳು ಬರಬೇಕು.

---

ಬೆಸುಗೆ_ಕಡ್ಡಿ

ಚಿಗುರು, ಬೋರ್ಡಿಗೆ 8087 ಕೊಳ್ಳುವ ಯೋಚನೆ ಇದ್ದರೆ ಗಮನಿಸಿ. 8087 ಮುಖ್ಯ ಪ್ರೊಸೆಸರಿನ ವೇಗದಲ್ಲೇ ಓಡಬೇಕು. ಬರೀ 8087 ಎಂದಿದ್ದರೆ ಅದು 5 ಮೆಗಾಹರ್ಟ್ಸ್‌ನದು. ನಿಮಗೆ ಬೇಕಾದದ್ದು 8087-2, ಅದು 8ಕ್ಕೆ. 8087-1 ಎಂದರೆ 10ಕ್ಕೆ. ಮೇಲಿನ ಬರಹ ಉಜ್ಜಿ ಹೆಚ್ಚಿನ ವೇಗದ ಹೆಸರು ಅಚ್ಚು ಹಾಕಿದ ಚಿಪ್‌ಗಳು ಮಾರುಕಟ್ಟೆಯಲ್ಲಿವೆ. ಮೇಲ್ಮೈ ತೀರಾ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಉಜ್ಜಿದ ಗೆರೆಗಳಿದ್ದರೆ ಬಿಡಿ.

ಚಿಪ್‌ನ ಕಚ್ಚು 8088ರ ಕಚ್ಚು ಇರುವ ದಿಕ್ಕಿಗೇ ಇರಲಿ. ಹೊಸ ಚಿಪ್‌ನ ಕಾಲುಗಳು ಅಗಲಕ್ಕೆ ಚಾಚಿರುತ್ತವೆ, ಮೇಜಿಗೆ ಒತ್ತಿ ನೇರ ಮಾಡಿಕೊಂಡು ಕೂರಿಸಿ. ಐಬಿಎಂ ಬೋರ್ಡುಗಳಲ್ಲಿ ಮೊದಲ ಸ್ವಿಚ್ ಗುಂಪಿನ ಎರಡನೆಯದನ್ನು ಆಫ್ ಮಾಡಬೇಕು; ಹೆಚ್ಚಿನ ಎಕ್ಸ್‌ಟಿ ಮಾದರಿಗಳೂ ಅದನ್ನೇ ಅನುಸರಿಸಿದವು, ಆದರೂ ನಿಮ್ಮ ಬೋರ್ಡಿನ ಕೈಪಿಡಿ ನೋಡಿ. ಓಡುವಾಗ ಕೈ ಇಟ್ಟರೆ ಚುರುಕ್ ಎನ್ನುವಷ್ಟು ಬಿಸಿಯಾಗುತ್ತದೆ. ಅದು ಅದರ ಸ್ವಭಾವ, ಗಾಬರಿ ಬೇಡ, ಗಾಳಿಯಾಡುವಂತಿರಲಿ.

---

ಚಿಗುರು

ಧನ್ಯವಾದ. ಮುಂದಿನ ಯಂತ್ರಗಳಲ್ಲೂ ಇದೇ ಏರ್ಪಾಡು ಉಳಿಯಿತೇ?

---

ತುಂಗಾತೀರ

ಇಲ್ಲ. 80286 ಪ್ರೊಸೆಸರಿನ ಜೊತೆಗಾರ 80287 ಬಂದಾಗ ಜೊತೆಯಾಗಿ ಓದುವ ಪದ್ಧತಿ ಹೋಯಿತು. 80286 ತಾನೇ ಆದೇಶ ಓದಿ, ಪೋರ್ಟ್‌ಗಳ ಮೂಲಕ 287ಗೆ ದಾಟಿಸುತ್ತಿತ್ತು. ಗಡಿಯಾರವೂ ಬೇರೆ. 6 ಮೆಗಾಹರ್ಟ್ಸ್‌ನ ಐಬಿಎಂ ಎಟಿಯಲ್ಲಿ 287 ಓಡುತ್ತಿದ್ದದ್ದು 4ರಲ್ಲಿ. 386ರ ಕಾಲದಲ್ಲಿ ವೈಟೆಕ್ ಕಂಪನಿ ಬೇರೆಯೇ ದಾರಿ ಹಿಡಿಯಿತು. ಅದರ 1167 ಮೂರು ಚಿಪ್‌ಗಳ ಪುಟ್ಟ ಕಾರ್ಡ್. ಮೆಮೊರಿಯ ವಿಳಾಸಗಳಿಗೆ ಬರೆದೇ ಅದಕ್ಕೆ ಆದೇಶ ಕೊಡಬೇಕು. ವೇಗ ಚೆನ್ನಾಗಿತ್ತು, ಆದರೆ ಅದಕ್ಕಾಗಿಯೇ ಬರೆದ ತಂತ್ರಾಂಶ ಬೇಕಿತ್ತು. 1989ರ 486ರಲ್ಲಿ ಲೆಕ್ಕದ ಭಾಗ ಪ್ರೊಸೆಸರಿನ ಒಳಗೇ ಸೇರಿತು. 1991ರಲ್ಲಿ ಆ ಭಾಗ ನಿಷ್ಕ್ರಿಯವಾಗಿದ್ದ 486ಎಸ್‌ಎಕ್ಸ್ ಬಂತು. ಅದಕ್ಕೆ ಮಾರಿದ 487ಎಸ್‌ಎಕ್ಸ್ ವಾಸ್ತವದಲ್ಲಿ ಪೂರ್ಣ 486. ಸಾಕೆಟಿನಲ್ಲಿ ಕುಳಿತೊಡನೆ ಮೊದಲಿನ ಪ್ರೊಸೆಸರನ್ನು ಸುಮ್ಮನಾಗಿಸಿ ಎಲ್ಲವನ್ನೂ ತಾನೇ ನಡೆಸುತ್ತಿತ್ತು.

---

ಚಿಗುರು

8087-2 ತರಿಸಿ ಕೂರಿಸಿದ್ದೇನೆ, ಸ್ವಿಚ್ ಬದಲಿಸಿದ್ದೇನೆ, ಯಂತ್ರ ಎಂದಿನಂತೆ ಶುರುವಾಗುತ್ತಿದೆ. ಚಿಪ್ ನಿಜವಾಗಿಯೂ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಸ್ವಿಚ್ ನೋಡಿ ಯಂತ್ರ ಹೇಳುವುದನ್ನು ನಂಬುವುದು ಬೇಡ ಅನ್ನಿಸುತ್ತಿದೆ.

---

ತುಂಗಾತೀರ

ಸರಿಯಾದ ಅನುಮಾನ. ಚಿಪ್‌ಗೆ ಮರುಹೊಂದಿಕೆಯ ಆದೇಶ ಕೊಟ್ಟು, ಅದರ ಕಂಟ್ರೋಲ್ ವರ್ಡ್ (ಚಿಪ್ ನಡೆಯುವ ರೀತಿಯನ್ನು ಹೇಳುವ ಎರಡು ಬೈಟ್) ಅನ್ನು ಮೆಮೊರಿಗೆ ಬರೆಸಿ ನೋಡಿ. ಮೊದಲು ಆ ಜಾಗದಲ್ಲಿ ಸೊನ್ನೆ ತುಂಬಿರಿ. ಮೇಲಿನ ಬೈಟ್ 3 ಎಂದು ಬಂದರೆ ಚಿಪ್ ಉತ್ತರ ಕೊಟ್ಟಿತೆಂದು ಅರ್ಥ, ಸೊನ್ನೆಯೇ ಉಳಿದರೆ ಅಲ್ಲಿ ಯಾರೂ ಇಲ್ಲ. ಎರಡೂ ಆದೇಶಗಳನ್ನು ವೇಟ್ ಇಲ್ಲದ ರೂಪದಲ್ಲೇ ಕೊಡಿ. ಚಿಪ್ ಕೆಟ್ಟಿದ್ದರೆ ವೇಟ್‌ನಲ್ಲಿ ಯಂತ್ರ ಕಾಯುತ್ತಲೇ ಇದ್ದುಬಿಡಬಹುದು.

---

ಕಾಂಕ್ರೀಟ್_ಮೇಷ್ಟ್ರು

ಅದಾದ ಮೇಲೆ ವೇಗವನ್ನೂ ನೋಡಿ. ಟರ್ಬೊ ಪ್ಯಾಸ್ಕಲ್ 5ರಲ್ಲಿ 8087 ಮತ್ತು ಎಮ್ಯುಲೇಷನ್ (ಚಿಪ್‌ನ ಕೆಲಸವನ್ನು ತಂತ್ರಾಂಶದಿಂದ ಮಾಡುವುದು) ಎರಡೂ ಆಯ್ಕೆಗಳನ್ನು ತೆರೆದು, ಲೂಪಿನಲ್ಲಿ ಸಾವಿರಾರು ವರ್ಗಮೂಲಗಳನ್ನು ಕೂಡಿಸುವ ಪ್ರೋಗ್ರಾಂ ಬರೆಯಿರಿ. ಒಮ್ಮೆ ಹಾಗೆಯೇ ಓಡಿಸಿ. ಆಮೇಲೆ ಡಾಸ್‌ನಲ್ಲಿ ಸೆಟ್ ಆದೇಶದಿಂದ 87 ಎಂಬ ಹೆಸರಿಗೆ ಎನ್ ಅಕ್ಷರ ಕೊಟ್ಟು ಅದೇ ಪ್ರೋಗ್ರಾಂ ಇನ್ನೊಮ್ಮೆ ಓಡಿಸಿ. ಆಗ ಚಿಪ್ ಸಾಕೆಟಿನಲ್ಲಿದ್ದರೂ ಪ್ರೋಗ್ರಾಂ ಅದನ್ನು ಬಳಸುವುದಿಲ್ಲ, ಪದೇ ಪದೇ ಕೀಳುವ ಶ್ರಮ ನಿಮಗೂ ಇಲ್ಲ, ಅದರ ಕಾಲುಗಳಿಗೂ ಇಲ್ಲ. ಲೂಪಿನ ಒಳಗೆ ಪರದೆಗೆ ಏನನ್ನೂ ಬರೆಯಬೇಡಿ, ಬರೆದರೆ ನೀವು ಅಳೆಯುವುದು ಪರದೆಯ ವೇಗವನ್ನು. ಮೊತ್ತವನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಮುದ್ರಿಸಿ, ಎರಡೂ ಸಲ ಬಂದ ಅಂಕಿಗಳನ್ನು ಸಮಯದ ಜೊತೆಗೆ ಇಲ್ಲಿ ಹಾಕಿ.